ಪಟ್ಟಿ ಒಂದು ಮನೆ, ಪಾದ ಒಂದು ಮನೆ

ಸಾಕಿನಾಕಾ, ಮುಂಬಯಿ
೯ ನವೆಂಬರ್ ೧೯೮೬

ಅಪ್ಪನಿಗೆ ಮಲ್ಲಣ್ಣನ ಶರಣು.

ನಾನು ಚೆನ್ನಾಗಿದ್ದೇನೆ. ಹೋದ ತಿಂಗಳ ಪತ್ರದಲ್ಲಿ ಇಷ್ಟು ಬರೆದ ಮೇಲೆ ಮುಂದೆ ಏನು ಬರೆಯಬೇಕೋ ತಿಳಿಯದೆ ಅಲ್ಲಿಗೇ ನಿಲ್ಲಿಸಿದ್ದೆ. ಈ ಸಲ ಬರೆಯುವುದಿದೆ.

ಕೋಣೆ ಮತ್ತೆ ಬದಲಾಯಿಸಿದೆ. ಹಳೆಯ ಕೋಣೆಯಲ್ಲಿ ತೊಂದರೆ ಏನೂ ಇರಲಿಲ್ಲ. ಒಂದೇ ಕಡೆ ಕೆಲವು ತಿಂಗಳಾದರೆ ಕಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತವೆ, ಅಷ್ಟೇ. ಈಗ ನಮ್ಮ ಕಡೆಯ ಕಿಣ್ಣಿ ಸುಲ್ತಾನ ಊರಿನ ಲಾಲಸಾಬ ಜೊತೆಗಿದ್ದಾನೆ. ನಮ್ಮ ಕಾರ್ಖಾನೆಯಲ್ಲೇ ಪ್ಯಾಕಿಂಗ್ ಕೆಲಸ ಅವನದು. ಬಾಯಿ ಮುಚ್ಚುವುದೇ ಇಲ್ಲ. ಅದೇ ಒಳ್ಳೆಯದು, ನಾನು ಮಾತಾಡಬೇಕಾಗಿಲ್ಲ.

ನನ್ನನ್ನು ಮೋಟರ್ ಯಂತ್ರಕ್ಕೆ ಹಾಕಿದ್ದಾರೆ. ನೂಲು ಕಟ್ಟಿ ಗುಂಡಿ ಒತ್ತಿದರೆ ಮೇಲಿನ ಬಿಗಿಪಟ್ಟಿಯಿಂದ ಹಿಡಿದು ಹಿಮ್ಮಡಿ, ಪಾದ, ಬೆರಳಿನ ತನಕ ಪೂರಾ ಕಾಲುಚೀಲವನ್ನು ಒಂದೇ ಯಂತ್ರ ಹೆಣೆದು ಕೆಳಗೆ ಉಗುಳುತ್ತದೆ. ತುದಿ ಮಾತ್ರ ಕೈಯಲ್ಲಿ ಹೊಲಿಯಬೇಕು. ನನ್ನ ಕೆಲಸ ನೋಡುತ್ತ ನಿಲ್ಲುವುದು. ನೂಲು ಹರಿದರೆ ಗಂಟು ಹಾಕುತ್ತೇನೆ. ಸೂಜಿ ಮುರಿದರೆ ಬದಲಿಸುತ್ತೇನೆ. ಸಂಜೆಯ ಹೊತ್ತಿಗೆ ಕೈ ನನ್ನದೋ ಬೇರೆಯವರದ್ದೋ ಅನ್ನಿಸುತ್ತದೆ. ನೋವಿಲ್ಲ. ಏನೂ ಇಲ್ಲ.

ಲಾಲಸಾಬ ಮೊನ್ನೆ ಊಟಕ್ಕೆ ಕೂತಾಗ ಕೇಳಿದ, "ನಿಮ್ಮ ಮನ್ಯಾಗೂ ಮೋಜಾ ಮಾಡ್ತಾರಂದ್ರ ಇಲ್ಲ್ಯಾಕ ಬಂದಿ ಲೇ?"

"ನಮ್ಮನ್ಯಾಗ ಅರ್ಧಾ ಮೋಜಾ ಮಾಡ್ತಾರ," ಅಂದೆ.

"ಅರ್ಧಾ? ಯಾರಿಗಿ, ಕುಂಟರಿಗೇನು?"

ಹೇಳಲೇಬೇಕಾಯಿತು. ಮುತ್ಯಾ ಸೊಲ್ಲಾಪುರದ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದದ್ದು, ಅದು ಮುಚ್ಚಿದಾಗ ಹಳೆಯ ಕೈಯಂತ್ರಗಳನ್ನು ಕೊಂಡು ಆಳಂದಕ್ಕೆ ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ನಾಲ್ಕು ಗಿಡ್ಡ ಯಂತ್ರ, ನಾಲ್ಕು ಎತ್ತರದ ಯಂತ್ರ. ಗಿಡ್ಡವು ಪಟ್ಟಿ ಮಾತ್ರ ಹೆಣೆಯುತ್ತವೆ. ಆ ಪಟ್ಟಿಯ ಒಂದೊಂದು ಕುಣಿಕೆಯನ್ನೂ ಎತ್ತರದ ಯಂತ್ರದ ಸೂಜಿಗೆ ಸಿಕ್ಕಿಸಿ ಹಿಡಿಕೆ ತಿರುವಿದರೆ ಕೆಳಗಿನ ಪಾದ ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಶಾಲೆ ಮಕ್ಕಳ ಕಾಲಿಗೆ ನಮ್ಮದೇ ಬಿಳಿ ಕಾಲುಚೀಲ. ಮುತ್ಯಾ ತೀರಿದ ವರ್ಷ, ಎಪ್ಪತ್ತೇಳರಲ್ಲಿ, ನೀವೂ ದೊಡ್ಡಪ್ಪನೂ ಬೇರೆಯಾದಿರಿ. ಪಂಚರು ಬಂದು ಅಂಗಳದಲ್ಲಿ ಯಂತ್ರಗಳನ್ನು ನಿಲ್ಲಿಸಿ ನೋಡಿದರು. ಜೋಡಿ ಎತ್ತು ಒಡೆಯಬಾರದು, ಒಂದೇ ಎತ್ತರದವು ಒಂದೇ ಕೊಟ್ಟಿಗೆಯಲ್ಲಿರಬೇಕು ಅಂದರು. ಗಿಡ್ಡ ನಾಲ್ಕು ಒಂದು ಪಾಲು, ಎತ್ತರದ ನಾಲ್ಕು ಇನ್ನೊಂದು ಪಾಲು. ಕಿರಿಯನೇ ಮೊದಲು ಆರಿಸಲಿ ಅಂದರು. ನೀವು ಎತ್ತರದ್ದು ಆರಿಸಿದಿರಿ. ಪಟ್ಟಿ ಆ ಮನೆಗೆ ಹೋಯಿತು, ಪಾದ ಈ ಮನೆಗೆ ಬಂತು. ನಡುವೆ ಗೋಡೆ ಎದ್ದಿತು. ಅಂದಿನಿಂದ ತುದಿ ಹೊಲಿಯುವ ಚಮನಬಿ ದಿನಾ ನಮ್ಮ ಖಾಲಿ ಬುಟ್ಟಿ ಹೊತ್ತು ಆ ಮನೆಗೆ ಹೋಗುತ್ತಾಳೆ, ಪಟ್ಟಿ ತುಂಬಿಕೊಂಡು ಬರುತ್ತಾಳೆ. ನಿಮ್ಮಿಬ್ಬರ ನಡುವೆ ಮಾತಿಲ್ಲ.

ಲಾಲಸಾಬ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ. "ಪಂಚರಿಗಿ ಇಷ್ಟೂ ತಿಳೀಲಿಲ್ಲೇನೋ?"

"ಅವರ್ಯಾರೂ ಜಲ್ಮದಾಗ ಮೋಜಾ ಹಾಕಿದವರಲ್ಲ."

"ಆತು, ಅವರಿಗಿ ತಿಳೀಲಿಲ್ಲ. ನಿಮ್ಮಪ್ಪಗ, ನಿಮ್ಮ ದೊಡ್ಡಪ್ಪಗ ತಿಳೀತಿತ್ತಲ್ಲ? ಒಬ್ಬರರೆ ಬಾಯಿ ತೆರೀಬೇಕೋ ಬ್ಯಾಡೋ?"

ನಾನು ತಾಟು ತೊಳೆಯಲು ಎದ್ದೆ. ಅವ್ವನಿಗೆ ಶರಣು ತಿಳಿಸಿ.

ನಿಮ್ಮ ಮಗ
ಮಲ್ಲಣ್ಣ


ಆಳಂದ
೩೦ ನವೆಂಬರ್ ೧೯೮೬

ಮಲ್ಲಣ್ಣನಿಗೆ ಆಶೀರ್ವಾದ.

ಪತ್ರ ತಲುಪಿತು. ಮನೆಯ ಮಾತು ಕೋಣೆಯವರ ಮುಂದೆ ಯಾಕೆ. ಹೇಳಿದ್ದು ಹೇಳಿದೆ, ಇರಲಿ.

ನೀನು ಬರೆದ ಮೋಟರ್ ಯಂತ್ರದ ವಿಷಯ ಮೂರು ಸಲ ಓದಿದೆ. ಪಟ್ಟಿಯೂ ಅದೇ ಹೆಣೆಯುತ್ತದೆ ಅಂತ ಬರೆದಿರುವೆ. ಖಾತ್ರಿ ಮಾಡಿ ತಿಳಿಸು. ಹಳೆಯದು ಒಂದು ಸಿಗುವುದೇ ವಿಚಾರಿಸು.

ಹೋದ ವಾರ ಜೇವರ್ಗಿಗೆ ಹೋಗಿದ್ದೆ. ಬುರಾನುದ್ದೀನ ಅಂಗಡಿಯಲ್ಲಿ ಕೂರಿಸಿ ಚಹಾ ಕೊಟ್ಟ. ಆಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನೈಲಾನಿನ ಜೋಡಿ ತೆಗೆದು ಮುಂದಿಟ್ಟ.

"ನಾಗಣ್ಣಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೋಜಾ ಛಲೋ ಅವ, ಎರಡು ವರ್ಷ ಹರಿಯಂಗಿಲ್ಲ. ಖರೇ ನಾ ಕೇಳಿದಾಗ ಬರಂಗಿಲ್ಲ. ಪಟ್ಟಿ ಬಂದಿಲ್ಲಂತೀರಿ, ಪಟ್ಟಿ ಬಂದ್ರ ನೂಲಿಲ್ಲಂತೀರಿ. ಬೊಂಬಾಯಿಯಾಂವ ಕೇಳಿದ ಮರುದಿನ ಕಳಸ್ತಾನ."

"ಬರೋ ಜೂನಿಗಿ ಕೊಡ್ತೇನಿ. ಕೇಳಿದಷ್ಟು ಕೊಡ್ತೇನಿ," ಅಂದೆ.

"ಜೂನಿಗಿ ಕೊಡ್ರಿ. ಇಲ್ಲಂದ್ರ ನಾ ಅವರ ಕಡೆ ಹೋಗ್ತೇನಿ. ಹೇಳೇ ಹೋಗ್ತೇನಿ, ಹೇಳದ ಹೋಗಂಗಿಲ್ಲ."

ಅಫಜಲಪುರದ ಅಂಗಡಿಯವನು ಹೇಳದೇ ಹೋದ. ಈಗ ಉಳಿದದ್ದು ಜೇವರ್ಗಿ ಮತ್ತು ಊರು. ಆ ಮನೆಯ ಪಟ್ಟಿಗೆ ಕಾದು ಕೂರುವುದು ಇನ್ನು ಆಗುವುದಿಲ್ಲ. ಒಂದು ಕಾಲುಚೀಲವಾದರೂ ಪೂರ್ತಿ ನನ್ನ ಮನೆಯಲ್ಲಿ ಆಗಬೇಕು.

ಆ ಲಾಲಸಾಬನ ಪ್ರಶ್ನೆಗೆ ಉತ್ತರ ಬರೆಯಬೇಕಾಗಿಲ್ಲ.

ನಾಗಣ್ಣ


ಸಾಕಿನಾಕಾ
೧೧ ಜನವರಿ ೧೯೮೭

ಅಪ್ಪನಿಗೆ ಶರಣು.

ತಡವಾಯಿತು. ಬರೆಯಲು ಕೂತಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ದೊಡ್ಡ ರಸ್ತೆ ಹಿಡಿದು ನಡೆದರೆ ಕುರ್ಲಾ ತನಕ ಹೋಗಬಹುದು. ಹೋಗಿ ಬರುತ್ತೇನೆ. ಅಲ್ಲಿ ಏನೂ ಕೆಲಸವಿರುವುದಿಲ್ಲ.

ಯಂತ್ರ ಇದೆ. ಸೇಠ ಮೂರು ಹಳೆಯವನ್ನು ತೆಗೆಯುತ್ತಿದ್ದಾನೆ. ಅದರಲ್ಲಿ ಒಂದು ನಾನೇ ನಡೆಸಿದ್ದು, ಅದರ ಸ್ವಭಾವ ಗೊತ್ತು. ನನ್ನ ಪಗಾರದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಲು ಒಪ್ಪಿದ್ದಾನೆ. ಪಟ್ಟಿ, ಪಾದ ಎರಡೂ ಅದೇ ಹೆಣೆಯುತ್ತದೆ. ಖಾತ್ರಿ.

ಒಂದು ಮಾತು ಕೇಳುತ್ತೇನೆ. ಈ ಯಂತ್ರ ಬಂದರೆ ದೊಡ್ಡಪ್ಪನ ನಾಲ್ಕು ಯಂತ್ರ ಏನು ಮಾಡುತ್ತವೆ? ಪಟ್ಟಿಯನ್ನು ನಮ್ಮ ಮನೆ ಬಿಟ್ಟು ಇನ್ನಾರೂ ಕೊಳ್ಳುವುದಿಲ್ಲ. ಬರೀ ಪಟ್ಟಿ ಹಾಕಿಕೊಂಡು ಯಾರೂ ಓಡಾಡುವುದಿಲ್ಲ. ಗೌರಾಬಾಯಿ ದೊಡ್ಡವ್ವನೂ ಅವರೂ ಅದರ ಮೇಲೇ ಇದ್ದಾರೆ. ಇಬ್ಬರ ಹೆಸರಲ್ಲೂ ತೆಗೆದುಕೊಂಡರೆ ಹೇಗೆ? ಯಂತ್ರ ನಮ್ಮ ಪಡಸಾಲೆಯಲ್ಲೇ ಇರಲಿ. ಅವರು ಬಂದು ನಡೆಸಲಿ. ಸುಮ್ಮನೆ ಕೇಳಿದೆ.

ಮಲ್ಲಣ್ಣ


ಆಳಂದ
೨೫ ಜನವರಿ ೧೯೮೭

ಮಲ್ಲಣ್ಣನಿಗೆ.

ಸುಮ್ಮನೆ ಕೇಳಬೇಡ. ಯಂತ್ರಕ್ಕೆ ಹೌದು ಅಂತ ಸೇಠನಿಗೆ ಹೇಳು. ಲಾರಿ ಯಾವ ದಿನ ಆಳಂದಕ್ಕೆ ಬರುತ್ತದೆ ಅನ್ನುವುದು ನನಗೆ ಮುಂಚೆ ತಿಳಿಯಬೇಕು. ಪಡಸಾಲೆಯ ಮೂಲೆಗೆ ಸಿಮೆಂಟಿನ ಕಟ್ಟೆ ಕಟ್ಟಿಸುತ್ತಿದ್ದೇನೆ.

ಆ ಮನೆಗೆ ತಿಳಿಸಬೇಡ. ಯಂತ್ರ ಇಳಿದ ಮರುದಿನ ಬುಟ್ಟಿ ಕಳಿಸುವುದಿಲ್ಲ. ಅವರಾಗಿ ಪಟ್ಟಿ ಕಳಿಸಿದರೆ ತಿರುಗಿ ಕಳಿಸುತ್ತೇನೆ. ಅವರಿಗೆ ತಿಳಿಯುತ್ತದೆ. ಮಾತು ಬೇಕಾಗಿಲ್ಲ.

ಚಮನಬಿ ನಿನ್ನನ್ನು ಕೇಳಿದಳು. ಆಕೆಗೆ ಬೆರಳ ತುದಿ ಹೊಲಿಯುವ ಕೆಲಸ ಹೇಗೂ ಇದ್ದೇ ಇರುತ್ತದೆ, ಚಿಂತೆಯಿಲ್ಲ. ಮೊನ್ನೆ ಬುಟ್ಟಿ ಇಳಿಸುತ್ತ ಅಂದಳು, "ನಾಗಣ್ಣಾ, ಗ್ವಾಡಿ ಮ್ಯಾಲಿಂದ ಒಗದ್ರ ಈ ಕಡೆ ಬೀಳ್ತದ. ನಿಮ್ಮಿಬ್ಬರ ಸೊಕ್ಕಿಗಿ ನನ್ನ ಕಾಲ್ಯಾಕ ಸವಸ್ತೀರಿ?" ನಿನ್ನ ಅವ್ವ ನಕ್ಕಳು. ನಾನು ಒಳಗೆ ಹೋದೆ.

ನಾಗಣ್ಣ


ಆಳಂದ
೨೨ ಫೆಬ್ರವರಿ ೧೯೮೭

ಮಲ್ಲೂಗೆ ದೊಡ್ಡಪ್ಪ ದೌಲತರಾಯ ಮಾಡುವ ಆಶೀರ್ವಾದ.

ನನ್ನ ಅಕ್ಷರ ನೀನು ಗುರುತಿಸಲಿಕ್ಕಿಲ್ಲ. ಇಷ್ಟು ವರ್ಷದಲ್ಲಿ ಇದು ಮೊದಲ ಪತ್ರ. ವಿಳಾಸ ನಿನ್ನ ಅವ್ವ ಶಾರದಾಬಾಯಿ ಕೊಟ್ಟಳು. ನಿನ್ನ ಅವ್ವನಿಗೂ ನಿನ್ನ ದೊಡ್ಡವ್ವನಿಗೂ ಬಾವಿಯ ಹತ್ತಿರ ಮಾತಿದೆ, ಅದು ನಿನಗೆ ಗೊತ್ತೇ ಇದೆ. ಗಂಡಸರಿಗೆ ಬಾವಿಗೆ ಹೋಗುವ ಕೆಲಸವಿಲ್ಲ.

ನಿಮ್ಮಪ್ಪ ಪಡಸಾಲೆಯಲ್ಲಿ ಕಟ್ಟೆ ಕಟ್ಟಿಸಿದ್ದಾನೆ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ನಿಲ್ಲಿಸಿದ್ದಾನೆ ಅಂತ ಚಮನಬಿ ಹೇಳಿದಳು. "ಲಿಂಗ ಕೂಡಸ್ತಾನೇನೋ ಅನಕೊಂಡೆ," ಅಂದಳು. ಬೋಲ್ಟಿನ ಮೇಲೆ ಯಾರೂ ಲಿಂಗ ಕೂರಿಸುವುದಿಲ್ಲ. ಏನು ಕೂರುತ್ತದೆ ಅಂತ ನನಗೆ ಗೊತ್ತು. ನಾನೂ ಸೊಲ್ಲಾಪುರ ನೋಡಿದವನು.

ನೀನು ಯಂತ್ರ ಕಳಿಸಬೇಡ ಅಂತ ನಾನು ಹೇಳುವುದಿಲ್ಲ. ನಿಮ್ಮಪ್ಪ ಮಾಡುವುದು ವ್ಯಾಪಾರಕ್ಕೆ ಸರಿಯಿದೆ. ನಾನು ಅವನ ಜಾಗದಲ್ಲಿದ್ದರೆ ಮೊದಲೇ ತರಿಸುತ್ತಿದ್ದೆ. ನಿನ್ನಿಂದ ನನಗೆ ಒಂದೇ ಬೇಕು. ಅದು ಯಾವ ದಿನ ಬರುತ್ತದೆ ಅಂತ ಹೇಳು.

ಯಾಕೆ ಅಂತ ಕೇಳುತ್ತೀ. ಒಂದು ದಿನ ಬೆಳಿಗ್ಗೆ ನಾನು ಪಟ್ಟಿ ಮಡಿಚಿ ಇಟ್ಟುಕೊಂಡು ಚಮನಬಿಯ ದಾರಿ ನೋಡುತ್ತ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಅವಳು ಬರುವುದಿಲ್ಲ. ಓಣಿಯವರು ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಬಂದು, "ಯಾಕ್ರಿ ದೌಲತರಾಯರೆ, ಇವತ್ತ ಬುಟ್ಟಿ ಬಂದಿಲ್ಲೇನು?" ಅನ್ನುತ್ತಾರೆ. ಅದು ನನಗೆ ಬೇಡ. ನಿಮ್ಮಪ್ಪ ಬೇಡ ಅನ್ನುವ ಮೊದಲು ನಾನು ಇಲ್ಲ ಅನ್ನಬೇಕು. ಒಂದು ದಿನ ಮೊದಲಾದರೂ ಸಾಕು.

ಪಾಲು ಮಾಡುವ ದಿನ ಅವನು ಎತ್ತರದ ಯಂತ್ರದ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದ. ನಾನು ಬೇವಿನ ಗಿಡ ನೋಡುತ್ತಿದ್ದೆ. ಇರಲಿ, ಅದು ಆಗಿ ಹೋಯಿತು.

ಸೋಮವಾರ ನಿನಗೆ ನೆನಪಿದೆಯೇ? ಎತ್ತಿಗೆ ನೊಗ ಇಡದ ದಿನ ಹಿಡಿಕೆಯನ್ನೂ ಮುಟ್ಟಬಾರದು ಅಂತ ನಿನ್ನ ಮುತ್ಯಾ ಮಾಡಿಟ್ಟ ನೇಮ ಎರಡೂ ಮನೆಯಲ್ಲಿ ನಡೆದಿದೆ. ಅಂದು ಸದ್ದಿರುವುದಿಲ್ಲ. ಗೋಡೆಯಾಚೆ ನಿಮ್ಮಪ್ಪ ಕೆಮ್ಮುವುದು ಕೇಳುತ್ತದೆ. ಔಷಧ ತೆಗೆದುಕೊಳ್ಳುವುದಿಲ್ಲ ಅಂತ ಕಾಣುತ್ತದೆ.

ದಿನ ತಿಳಿಸು.

ದೌಲತರಾಯ


ಸಾಕಿನಾಕಾ
೨೨ ಮಾರ್ಚ್ ೧೯೮೭

ದೊಡ್ಡಪ್ಪನಿಗೆ ಶರಣು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಅಂಗಿಯ ಕಿಸೆಯಲ್ಲೇ ಇದೆ. ಲಾಲಸಾಬ, "ಲಗ್ನದ ಪತ್ರಿಕಾ ಏನಲೇ, ಎದಿಗಿ ಹಚ್ಚಕೊಂಡು ತಿರಗ್ತಿ?" ಅಂತಾನೆ.

ದಿನ ನನಗೂ ಇನ್ನೂ ಗೊತ್ತಿಲ್ಲ. ಗೊತ್ತಾದರೂ ಹೇಗೆ ಹೇಳಲಿ? ನೀವು ಪಟ್ಟಿ ನಿಲ್ಲಿಸಿದರೆ ಅಪ್ಪನ ಕೈಯಲ್ಲಿ ಏನೂ ಇರುವುದಿಲ್ಲ. ಹೊಸ ಯಂತ್ರ ಇಳಿದ ದಿನವೇ ಓಡುವುದಿಲ್ಲ. ಜೂನಿನಲ್ಲಿ ಶಾಲೆ ತೆರೆಯುತ್ತದೆ. ಜೇವರ್ಗಿಯವರಿಗೆ ಅಪ್ಪ ಮಾತು ಕೊಟ್ಟಿದ್ದಾರೆ. ಆ ಮಾತು ತಪ್ಪಿದರೆ ಆ ಅಂಗಡಿಯೂ ಹೋಗುತ್ತದೆ, ಆಮೇಲೆ ಯಂತ್ರ ಇದ್ದೂ ಯಾರಿಗೆ ಹೆಣೆಯುವುದು? ಹೇಳದಿದ್ದರೆ ನೀವು ಕಟ್ಟೆಯ ಮೇಲೆ ಕೂತಿರುತ್ತೀರಿ. ಎರಡೂ ನನಗೆ ಕಾಣುತ್ತದೆ. ಯಂತ್ರದ ಮುಂದೆ ನಿಂತಾಗ ಒಂದಾದ ಮೇಲೆ ಒಂದು ಕಾಣುತ್ತದೆ, ನೂಲು ಓಡುತ್ತಿರುತ್ತದೆ.

ನೀವಿಬ್ಬರೂ ನನಗೇ ಯಾಕೆ ಬರೆಯುತ್ತೀರಿ? ನಿಮ್ಮ ನಡುವೆ ಇರುವುದು ಒಂದು ಗೋಡೆ. ನಾನು ಒಂದು ರಾತ್ರಿ ರೈಲಿನಾಚೆ ಇದ್ದೇನೆ.

ಇದಕ್ಕಿಂತ ಹೆಚ್ಚು ಬರೆಯಲು ಬರುತ್ತಿಲ್ಲ.

ಮಲ್ಲಣ್ಣ


ಸಾಕಿನಾಕಾ
೩ ಮೇ ೧೯೮೭

ದೊಡ್ಡಪ್ಪನಿಗೆ.

ಮೇ ಹತ್ತೊಂಬತ್ತು, ಮಂಗಳವಾರ.

ಮಲ್ಲಣ್ಣ


ಆಳಂದ
೨೪ ಮೇ ೧೯೮೭

ಮಲ್ಲಣ್ಣನಿಗೆ.

ಯಂತ್ರ ಮಂಗಳವಾರ ಬಂತು. ಹಮಾಲರು ಇಳಿಸಿ ಕಟ್ಟೆಯ ಮೇಲೆ ಕೂರಿಸಿದರು. ಎಲ್ಲೂ ಮುರಿದಿಲ್ಲ. ಎಣ್ಣೆ ಒರೆಸಿ ಚಾದರ ಹೊದಿಸಿದ್ದೇನೆ. ಮೋಟರಿಗೆ ಬೇಕಾದ ಕರೆಂಟಿನ ಲೈನು ಮಾತ್ರ ಬಂದಿಲ್ಲ. ಹೋದ ವಾರದ ಗಾಳಿಗೆ ಊರಾಚೆ ಕಂಬಗಳು ಉರುಳಿವೆ. ಮೊದಲು ಅವು ಏಳಬೇಕು, ಆಮೇಲೆ ನಮ್ಮದು.

ಇನ್ನು ಬೇರೆ ವಿಷಯ.

ಯಂತ್ರ ಬರುವ ಮುಂಚಿನ ಒಂದು ವಾರ ಆ ಮನೆಯಲ್ಲಿ ಹಿಡಿಕೆಯ ಸದ್ದು ನಿಲ್ಲಲೇ ಇಲ್ಲ. ಅವನೂ ಹೆಂಡತಿಯೂ ಸೇರಿ ತಿರುವುತ್ತಿದ್ದಾರೆ ಅಂತ ಸದ್ದಿನಲ್ಲೇ ತಿಳಿಯುತ್ತಿತ್ತು. ಸೋಮವಾರವೂ ತಿರುವಿದರು. ಸೋಮವಾರ, ಮಲ್ಲಣ್ಣ. ನಾನು ಅಂಗಳಕ್ಕೆ ಬಂದು ನಿಂತೆ. ಗೋಡೆಯಾಚೆ ಟಕಟಕ ಟಕಟಕ. ಅಪ್ಪ ಹೋದ ಮೇಲೂ ಆ ಮನೆಯಲ್ಲಿ ಸೋಮವಾರ ಮುರಿದಿರಲಿಲ್ಲ. ಬೆಂಕಿ ಬಿತ್ತೋ, ಬುದ್ಧಿ ಕೆಟ್ಟಿತೋ ಅಂದುಕೊಂಡೆ. ಕೂಗಿ ಕೇಳಬೇಕು ಅಂತ ಬಾಯಿಗೆ ಬಂತು. ಕೇಳಲಿಲ್ಲ.

ಸಂಜೆಗೆ ಚಮನಬಿ ಬುಟ್ಟಿ ಹೊತ್ತು ಬಂದಳು. ಇಳಿಸಿದಳು, ಮತ್ತೆ ಹೋದಳು. ಮತ್ತೆ ತಂದಳು. ಎಷ್ಟು ಸಲ ಹೋಗಿ ಬಂದಳೋ. ಪಡಸಾಲೆಯಲ್ಲಿ ಪಟ್ಟಿಯ ಗುಡ್ಡ ಬಿತ್ತು.

"ಏನಿದು?" ಅಂದೆ.

"ಜೂನಿಗಿ ಆಗೂ ಅಷ್ಟು ಅದ ಅಂತ ಹೇಳಂದ್ರು. ಇನ್ನ ನಾಳಿಂದ ಬುಟ್ಟಿ ಕಳಸಬ್ಯಾಡ ಅಂತ ಹೇಳಂದ್ರು."

"ಮತ್ತೇನಂದ?"

"ಮತ್ತೇನಿಲ್ಲ. ಕಟ್ಟಿ ಮ್ಯಾಲ ಕುಂತು ಎಲ್ಲಾರಿಗೂ ಕೇಳೂವಂಗ ಅಂದ್ರು, ‘ಇವತ್ತಿಗಿ ನಾ ನಿಲ್ಲಿಸೀನಿ' ಅಂತ."

ಓಣಿಗೆಲ್ಲ ಗೊತ್ತಾಗಿದೆ, ದೌಲತರಾಯ ನಿಲ್ಲಿಸಿದ ಅಂತ. ನಾನು ನಿಲ್ಲಿಸಿದೆ ಅಂತ ಅನ್ನುವ ಹಾಗಿಲ್ಲ. ಪಟ್ಟಿ ಇಲ್ಲದೆ ನನ್ನ ಜೂನು ಮುಳುಗಲಿ ಅಂತ ಬಿಟ್ಟಿದ್ದರೆ ನಾಲ್ಕು ಜನರ ಮುಂದೆ ನಾನೂ ಬಾಯಿ ತೆರೆಯಬಹುದಿತ್ತು. ಅದಕ್ಕೂ ಅವನು ಜಾಗ ಬಿಡಲಿಲ್ಲ.

ದಿನ ಗೊತ್ತಿದ್ದದ್ದು ನನಗೆ, ನಿನಗೆ. ಹೇಳಿದ್ದು ಯಾರು?

ನಾಗಣ್ಣ


ಸಾಕಿನಾಕಾ
೭ ಜೂನ್ ೧೯೮೭

ಅಪ್ಪನಿಗೆ ಶರಣು.

ಹೇಳಿದ್ದು ನಾನು. ದೊಡ್ಡಪ್ಪ ಕೇಳಿದ್ದರು. ಅವರು ನಿಲ್ಲಿಸಿಬಿಡುತ್ತಾರೆ ಅಂತ ತಿಳಿದೇ ಹೇಳಿದೆ. ಹೀಗೆ ಮಾಡುತ್ತಾರೆ ಅಂತ ಗೊತ್ತಿರಲಿಲ್ಲ.

ನೀವು ಬೈದು ಬರೆದರೆ ಓದುತ್ತೇನೆ.

ಯಂತ್ರದ ಎಡಗಡೆಯ ಸಣ್ಣ ತಿರುಪನ್ನು ಬಹಳ ಬಿಗಿ ಮಾಡಬೇಡಿ. ಅದು ಸ್ವಲ್ಪ ಸಡಿಲ ಇದ್ದರೇ ಹಿಮ್ಮಡಿ ಸರಿ ಬರುತ್ತದೆ. ಹೊರಗಿನಿಂದ ತಿಳಿಯುವುದಿಲ್ಲ.

ಮಲ್ಲಣ್ಣ


ಆಳಂದ
೨೧ ಜೂನ್ ೧೯೮೭

ಮಲ್ಲೂಗೆ ಆಶೀರ್ವಾದ.

ನಿಮ್ಮಪ್ಪ ನಿನಗೆ ಪತ್ರ ಬರೆಯುವುದು ಬಿಟ್ಟಿದ್ದಾನೆ ಅಂತ ಬಾವಿಯ ಸುದ್ದಿ. ನನ್ನಿಂದ ಆಯಿತು. ಅವನು ಬಹಳ ದಿನ ಸಿಟ್ಟಿರುವವನಲ್ಲ ಅಂತ ಬರೆಯೋಣವೆಂದರೆ, ನನ್ನ ಮೇಲೆ ಹತ್ತು ವರ್ಷವಾಯಿತು.

ನಾನು ನಿಲ್ಲಿಸಿದೆ. ಊರಿಗೆ ಗೊತ್ತು. ಅಷ್ಟೇ ಬೇಕಿತ್ತು. ಸಿಕ್ಕ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯುತ್ತಿಲ್ಲ. ಬೆಳಿಗ್ಗೆ ಎದ್ದರೆ ಬಲಗೈ ತಾನಾಗಿ ತಿರುಗಲು ಹೊರಡುತ್ತದೆ. ನಿನ್ನ ದೊಡ್ಡವ್ವ ನೋಡಿ, "ಕೈಗಿ ಒಂದು ಕೆಲಸರೆ ಕೊಡ್ರಿ," ಅಂದಳು. ತೊಗರಿ ಖರೀದಿಯವರ ಗೋದಾಮಿನಲ್ಲಿ ಚೀಲ ತೂಗಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಎಲ್ಲರೂ ಗೌರವದಿಂದಲೇ ಮಾತಾಡಿಸುತ್ತಾರೆ.

ನಾಲ್ಕು ಯಂತ್ರ ಮಾರಿದೆ. ಗುಜರಿಯವನು ಕಬ್ಬಿಣದ ತೂಕಕ್ಕೆ ಒಯ್ದ. ನಿಮ್ಮಪ್ಪ ಜೇವರ್ಗಿಗೆ ಮಾಲು ಕೊಡಲು ಹೋದ ದಿನ ನೋಡಿ ಕರೆಸಿದೆ. ಎದುರಿಗೆ ಒಯ್ಯುವುದು ಬೇಡ ಅನ್ನಿಸಿತು. ಸೂಜಿಗಳನ್ನು ಬಿಚ್ಚಿಟ್ಟುಕೊಂಡಿದ್ದೇನೆ. ಯಾಕೋ ಗೊತ್ತಿಲ್ಲ. ಇದನ್ನು ನಿಮ್ಮಪ್ಪನಿಗೆ ನೀನು ತಿಳಿಸಬೇಡ. ಒಂದು ಸಲ ಹೇಳು ಅಂದೆ, ಈ ಸಲ ಹೇಳಬೇಡ ಅನ್ನುತ್ತಿದ್ದೇನೆ.

ಅವನ ಮೋಟರ್ ಇನ್ನೂ ಓಡುತ್ತಿಲ್ಲ. ಹಳೆಯ ಯಂತ್ರದಲ್ಲೇ ಪಾದ ಹೆಣೆಯುತ್ತಿದ್ದಾನೆ. ಸದ್ದು ಕೇಳುತ್ತದೆ. ಅಷ್ಟು ಪಟ್ಟಿ ಮುಗಿಯಲು ಇನ್ನೂ ಸಮಯ ಬೇಕು.

ದೌಲತರಾಯ


ಸಾಕಿನಾಕಾ
೧೨ ಜುಲೈ ೧೯೮೭

ದೊಡ್ಡಪ್ಪನಿಗೆ ಶರಣು.

ಹೇಳುವುದಿಲ್ಲ.

ನಾನು ಕಾಲುಚೀಲದ ಕೆಲಸ ಬಿಡಬೇಕೆಂದಿದ್ದೆ. ಪಗಾರದಲ್ಲಿ ಯಂತ್ರದ ಹಣ ಮುರಿಯುವ ತನಕ ಬಿಡುವಂತಿಲ್ಲ. ಲಾಲಸಾಬ ಊರಿಗೆ ಹೋಗಿ ಬಂದ. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ನೋಡಿದನಂತೆ. "ಮಂದಿ ನಡುವ ನಿಂತಿದ್ರು, ಖರೇ ಒಬ್ಬರೇ ನಿಂತಂಗ ಕಾಣ್ತಿದ್ರು," ಅಂದ. ಅವನಿಗೆ ಇಂಥ ಮಾತು ಬರುತ್ತದೆ ಅಂತ ತಿಳಿದಿರಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಅಂತ ಮಾತ್ರ ಅನ್ನಿಸಿತು.

ಮತ್ತೆ ಕೋಣೆ ನೋಡುತ್ತಿದ್ದೇನೆ. ಸಿಕ್ಕರೆ ವಿಳಾಸ ತಿಳಿಸುತ್ತೇನೆ.

ಮಲ್ಲಣ್ಣ


ಆಳಂದ
೨ ಆಗಸ್ಟ್ ೧೯೮೭

ಮಲ್ಲಣ್ಣನಿಗೆ ಆಶೀರ್ವಾದ.

ಎರಡು ತಿಂಗಳು ಬರೆಯಲಿಲ್ಲ. ಕೆಲಸವಿತ್ತು. ಹಗಲೆಲ್ಲ ನಾನು, ನಿನ್ನ ಅವ್ವ ಹಿಡಿಕೆ ತಿರುವಿದೆವು. ಜೂನಿನ ಮಾಲು ಜೇವರ್ಗಿಗೆ ಹೇಳಿದ ದಿನ ಮುಟ್ಟಿಸಿದೆ. ಬುರಾನುದ್ದೀನ ಎದ್ದು ನಿಂತು ತೆಗೆದುಕೊಂಡ. "ಹಿಂಗ ಕೊಟ್ರ ನಾ ಯಾಕ ಎಲ್ಲಿಗಿ ಹೋಗ್ಲಿ?" ಅಂದು ಹದಿನೈದು ಆಗಸ್ಟಿನ ಕವಾಯತಿಗೆ ಇನ್ನಷ್ಟು ಬೇಕು ಅಂದ. ಆಗಲಿ ಅಂದು ಬಂದೆ.

ಉಳಿದ ಪಟ್ಟಿ ಊರಿನ ಮಾಲಿಗೆ ಹೋಗಿ ಜುಲೈ ನಡುವಿನ ಹೊತ್ತಿಗೆ ಮುಗಿಯಿತು. ಲೈನು ಬಂದಿರಲಿಲ್ಲ. ಪಾದ ಹೆಣೆಯುವ ಯಂತ್ರ ನಾಲ್ಕಿವೆ, ಸಿಕ್ಕಿಸಲು ಪಟ್ಟಿಯಿಲ್ಲ. ಎರಡು ದಿನ ಸುಮ್ಮನೆ ಕೂತೆ. ಮೂರನೆಯ ದಿನ ಚಮನಬಿಯನ್ನು ಕರೆದು ಖಾಲಿ ಬುಟ್ಟಿ ಕೊಟ್ಟೆ.

"ಎಲ್ಲಿಗಿ?" ಅಂದಳು.

"ದಿನಾ ಎಲ್ಲಿಗಿ ಹೋಗ್ತಿದ್ದಿ, ಅಲ್ಲಿಗೇ."

ಆಕೆ ನನ್ನ ಮುಖ ನೋಡಿದಳು. ಬುಟ್ಟಿ ಹೊತ್ತು ಹೋದಳು. ನಾನು ಬಾಗಿಲಲ್ಲಿ ನಿಂತೆ. ಬಹಳ ಹೊತ್ತಾಯಿತು. ಎಂದೂ ಇಷ್ಟು ಹೊತ್ತು ಆಗುತ್ತಿರಲಿಲ್ಲ. ಓಣಿಯವರು ಹೋಗುತ್ತ ಬರುತ್ತ ನೋಡಿದರು. ನೋಡಲಿ ಅಂತ ನಿಂತೆ.

ಬಂದಳು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿತ್ತು. ತೆಗೆದರೆ ಜೋಳದ ರೊಟ್ಟಿ, ಬಿಸಿ ಇನ್ನೂ ಆರಿರಲಿಲ್ಲ. ಅದರ ಮೇಲೆ ಒಂದು ಸ್ಟೀಲಿನ ಡಬ್ಬಿ, ಅದರಲ್ಲಿ ಪುಂಡಿಪಲ್ಯ.

"ಪಟ್ಟಿ?" ಅಂದೆ.

"ಪಟ್ಟಿ ಎಲ್ಲಿಂದ ತರ್ತಾರ್ರಿ? ಮಸೀನ ಮಾರಿ ತಿಂಗಳ ಮ್ಯಾಲಾತು. ಮನಿ ಖಾಲಿ ಅದ."

"ನಿನಗ ಗೊತ್ತಿತ್ತು?"

"ಗೊತ್ತಿತ್ತು. ನೀವು ಕೇಳಿದ್ರೇನು?"

"ಮತ್ತ ಬುಟ್ಟಿ ಹೊತ್ಗೊಂಡು ಯಾಕ ಹೋದಿ?"

"ಹತ್ತ ವರ್ಷದಾಗ ಇದೊಂದ್ಸಲ ನೀವಾಗಿ ಕರದು ಬುಟ್ಟಿ ಕೊಟ್ಟೀರಿ. ನಾ ಯಾಕ ಬ್ಯಾಡನ್ಲಿ? ದೌಲತರಾಯರು ಬುಟ್ಟಿ ನೋಡಿದ್ರು, ಒಳಗ ಹೋದ್ರು. ಖಾಲಿ ಬುಟ್ಟಿ ಹೆಂಗ ಕಳಸ್ಲಿ ಅಂದ್ರು ಗೌರಾಬಾಯಿ, ಒಲಿ ಹಚ್ಚಿದ್ರು. ಅದಕ್ಕ ತಡಾ ಆತು."

ನಿನ್ನ ಅವ್ವ ಬಡಿಸಿದಳು. ತಿಂದೆ.

ಆಗಸ್ಟಿನ ಮಾಲು ಆಗುವುದಿಲ್ಲ ಅಂತ ಬುರಾನುದ್ದೀನನಿಗೆ ಹೇಳಿ ಕಳಿಸಿದೆ. ಹೋದರೆ ಹೋಗಲಿ. ಅದಾದ ಮೇಲೆ ಹೋದ ಬುಧವಾರ ಲೈನು ಬಂತು. ಯಂತ್ರ ಓಡುತ್ತಿದೆ. ಹಿಮ್ಮಡಿ ಸರಿ ಬರುತ್ತದೆ, ತಿರುಪು ನೀನು ಬರೆದ ಹಾಗೇ ಬಿಟ್ಟಿದ್ದೇನೆ. ಇನ್ನು ಪಟ್ಟಿಯ ಗರಜಿಲ್ಲ. ನೋಡುತ್ತ ನಿಲ್ಲುವುದು ಅಂತ ಬರೆದಿದ್ದೆಯಲ್ಲ, ಈಗ ತಿಳಿಯಿತು.

ಪಾಲಿನ ದಿನ ನಾನು ಪಾದದ ಯಂತ್ರದ ಮೇಲೆ ಕೈಯಿಟ್ಟದ್ದು ಅವನು ತಡೆಯಲಿ ಅಂತ. "ಲೇ ನಾಗ್ಯಾ, ಹಿಂಗ ಹಂಚಿದ್ರ ಹ್ಯಾಂಗ ನಡೀತದ?" ಅನ್ನುತ್ತಾನೆ ಅಂದುಕೊಂಡಿದ್ದೆ. ಇದನ್ನು ನೀನು ನಿನ್ನ ಕೋಣೆಯವನಿಗೆ ಹೇಳಬಹುದು.

ಡಬ್ಬಿ ತೊಳೆದು ಇಟ್ಟಿದೆ. ಅವರದ್ದು, ಅವರಿಗೆ ಹೋಗಬೇಕು. ಖಾಲಿ ಕಳಿಸಲು ಬರುವುದಿಲ್ಲ. ಏನು ಮಾಡಿ ಹಾಕಲಿ ಅಂತ ನಿನ್ನ ಅವ್ವ ಕೇಳಿದಳು. ಹುಗ್ಗಿ ಮಾಡು, ಅವನಿಗೆ ಬೆಲ್ಲ ಸೇರುತ್ತದೆ ಅಂದೆ. ಸಿಹಿ ಬಿಟ್ಟು ಬಹಳ ವರ್ಷವಾಯಿತು ಅಂತ ಚಮನಬಿ ಹೇಳಿದಳು. ಹಾಗಾದರೆ ಚಕ್ಕುಲಿ ಅಂದಳು ನಿನ್ನ ಅವ್ವ. ಹಲ್ಲು ಹೇಗಿವೆಯೋ ನನಗೆ ತಿಳಿಯದು. ಚಮನಬಿಯ ಕೈಯಲ್ಲಿ ಕೇಳಿಸಿದರೆ ನಾನೇ ಕೇಳಿದ ಹಾಗಾಗುತ್ತದೆ. ಬಾವಿಯ ಹತ್ತಿರ ಕೇಳಿದರೂ ಹಾಗೇ.

ಅವನು ನಿನಗೆ ಪತ್ರ ಬರೆಯುತ್ತಾನಂತೆ. ಈಗ ಏನು ತಿನ್ನುತ್ತಾನೆ, ಕೇಳಿ ಬರೆ. ಬೇಗ ಬರೆ, ಡಬ್ಬಿ ಇಲ್ಲೇ ಇದೆ.

ನಿನ್ನ ಅಪ್ಪ
ನಾಗಣ್ಣ